ಜಗುಲಿಗೊಂದು ವೈ-ಫೈ, ನಡುಮನೆಗೊಂದು ವೈ-ಫೈ: ಒಂದೇ ಬ್ರಾಡ್‌ಬ್ಯಾಂಡನ್ನು ಮನೆಮಂದಿಗೆಲ್ಲ ಸುರಕ್ಷಿತವಾಗಿ ಹಂಚುವ ಬಗೆ

ಆಲ್ದೂರಿನ ಆಚೆ ನಮ್ಮ ಅಣ್ಣನ ಕಾಫಿ ತೋಟವಿದೆ. ತೋಟದ ಮನೆಗೆ ಅಂಟಿಕೊಂಡ ಎರಡು ಕೋಣೆಗಳನ್ನು ಅತ್ತಿಗೆ ಹೋಮ್‌ಸ್ಟೇ ಮಾಡಿದ್ದಾರೆ. ಹೋದ ಮಳೆಗಾಲದ ಒಂದು ಸಂಜೆ ಅವರು ಧಾರಾವಾಹಿ ನೋಡುತ್ತಾ ಕುಳಿತಿದ್ದರು. ಧಾರಾವಾಹಿಯ ಅತ್ತೆ ಸೊಸೆಯ ಮೇಲೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗಿ ಫುಟ್‌ಬಾಲ್ ಪಂದ್ಯ ಶುರುವಾಯಿತು. ರಿಮೋಟ್ ಒತ್ತಿ ಧಾರಾವಾಹಿಯನ್ನು ಮರಳಿ ತಂದರೆ ಎರಡು ನಿಮಿಷಕ್ಕೆ ಮತ್ತೆ ಫುಟ್‌ಬಾಲ್. ಟಿವಿ ಕೆಟ್ಟಿದೆ ಎಂದು ನನಗೆ ಫೋನ್ ಬಂತು. ಕೆಟ್ಟಿದ್ದು ಟಿವಿಯಲ್ಲ. ಪಕ್ಕದ ಕೋಣೆಯ ಅತಿಥಿ, ತನ್ನ ಕೋಣೆಯ ಟಿವಿ ಎಂದುಕೊಂಡು, ಫೋನಿನಿಂದ ಪಂದ್ಯವನ್ನು ಅತ್ತಿಗೆಯ ಟಿವಿಗೆ ಕಳುಹಿಸುತ್ತಿದ್ದ. ಪಾಪ, ಅವನನ್ನು ದೂರುವಂತೆಯೂ ಇರಲಿಲ್ಲ. ಮನೆಯವರಿಗೂ ಅತಿಥಿಗಳಿಗೂ ಒಂದೇ ವೈ-ಫೈ, ಒಂದೇ ಪಾಸ್‌ವರ್ಡ್. ಅವನಿಗೆ ಟಿವಿ ಕಂಡ ಹಾಗೆಯೇ ಅಣ್ಣನ ಲೆಕ್ಕಪತ್ರದ ಕಂಪ್ಯೂಟರ್, ಪ್ರಿಂಟರ್, ಕಾಫಿ ಒಣಗುವ ಕಣದ ಕ್ಯಾಮೆರಾ ಎಲ್ಲವನ್ನೂ ತಲುಪುವ ದಾರಿ ತೆರೆದೇ ಇತ್ತು.

ಮಲೆನಾಡಿನಲ್ಲಿ ಹಳೆಯ ಮನೆ ಕಟ್ಟಿದವರಿಗೆ ಈ ಸೂಕ್ಷ್ಮ ತಿಳಿದಿತ್ತು. ದಾರಿಹೋಕರಿಗೆ ಜಗುಲಿ, ನೆಂಟರಿಷ್ಟರಿಗೆ ನಡುಮನೆ, ಕಾಗದಪತ್ರದ ಪೆಟ್ಟಿಗೆ ಇರುವ ಕೋಣೆ ಮನೆಯ ಒಬ್ಬಿಬ್ಬರಿಗೆ ಮಾತ್ರ. ಜಗುಲಿಯಲ್ಲಿ ಕುಳಿತವರಿಗೆ ನೀರು ಬೆಲ್ಲಕ್ಕೇನೂ ಕೊರತೆ ಇರಲಿಲ್ಲ, ಆದರೆ ಅವರು ಅಡುಗೆಮನೆಗೆ ಹೋಗುತ್ತಿರಲಿಲ್ಲ. ಬ್ರಾಡ್‌ಬ್ಯಾಂಡ್ ಹಂಚಿಕೆಯನ್ನೂ ಹೀಗೆಯೇ ಮಾಡಬಹುದು. ಅಣ್ಣನ ಮನೆಯಲ್ಲಿ ಮಾಡಿದ್ದನ್ನೂ, ಚಿಕ್ಕಮಗಳೂರು ಪೇಟೆಯ ನಮ್ಮ ಮನೆಯಲ್ಲಿ ಮಹಡಿಯ ಬಾಡಿಗೆ ಹುಡುಗರಿಗಾಗಿ ಮಾಡಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಒಂದು ಭಾನುವಾರದ ಕೆಲಸ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಮನೆಯಲ್ಲಿ ವೈ-ಫೈ ಬಳಸುವ ವಸ್ತುಗಳನ್ನೆಲ್ಲ ಕಾಗದದ ಮೇಲೆ ಬರೆಯಿರಿ. ನಮ್ಮ ಮನೆಯಲ್ಲಿ ಎಂಟಿರಬಹುದು ಎಂದುಕೊಂಡಿದ್ದೆ, ಎಣಿಸಿದಾಗ ಹದಿನೇಳು ಸಿಕ್ಕವು. ಅವನ್ನು ಮೂರು ಗುಂಪು ಮಾಡಿ. ಬ್ಯಾಂಕು, ಕಚೇರಿ, ಓದು ನಡೆಯುವ ಕಂಪ್ಯೂಟರ್‌ಗಳು ಮತ್ತು ಮನೆಯವರ ಫೋನು, ಟಿವಿ, ಪ್ರಿಂಟರ್‌ಗಳು ಒಂದು ಗುಂಪು. ಕ್ಯಾಮೆರಾದಂಥವು ಇನ್ನೊಂದು. ಅತಿಥಿಗಳು, ಬಾಡಿಗೆಯವರು, ಮಕ್ಕಳ ಗೆಳೆಯರು ಮೂರನೆಯದು. ಮುಂದಿನ ಕೆಲಸವೆಲ್ಲ ಈ ಮೂರು ಗುಂಪುಗಳ ನಡುವೆ ಗೋಡೆ ಎಬ್ಬಿಸುವುದೇ.

ಪೆಟ್ಟಿಗೆ ಮಾಡುವ ಕೆಲಸ

ಫೈಬರ್ ತಂತಿ ಬಂದು ಸೇರುವ ಬಿಳಿ ಪೆಟ್ಟಿಗೆಗೆ ಓಎನ್‌ಟಿ ಎನ್ನುತ್ತಾರೆ. ಬೆಳಕಿನ ರೂಪದಲ್ಲಿ ಬಂದದ್ದನ್ನು ಅದು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಈಗಿನ ಹೆಚ್ಚಿನ ಪೆಟ್ಟಿಗೆಗಳ ಒಳಗೇ ರೌಟರ್ ಕೂಡ ಇರುತ್ತದೆ. ಕಂಪನಿ ನಿಮಗೆ ಕೊಡುವುದು ಒಂದೇ ವಿಳಾಸ, ಐಪಿ ಎನ್ನುವುದು ಅದನ್ನೇ. ಮನೆಯೊಳಗಿನ ಹದಿನೇಳು ವಸ್ತುಗಳಿಗೆ ರೌಟರ್ ತಾನೇ ಒಳವಿಳಾಸಗಳನ್ನು ಹಂಚುತ್ತದೆ. 192.168 ಎಂದು ಶುರುವಾಗುವ ಅಂಕಿಗಳು ಅವೇ. ಇಂಥ ಒಳಬಳಕೆಗೆಂದೇ ಅವನ್ನು 1994ರಿಂದ ಎತ್ತಿಟ್ಟಿದ್ದಾರೆ.

ತೋಟದ ಗುಮಾಸ್ತರಾದ ರೈಟರನ್ನು ನೆನಪಿಸಿಕೊಳ್ಳಿ. ಕೂಲಿಯವರ ಸಾಲುಮನೆಗಳ, ಅಂದರೆ ಲೈನ್ ಮನೆಗಳವರ, ಕಾಗದಗಳೆಲ್ಲ ಎಸ್ಟೇಟಿನ ಒಂದೇ ವಿಳಾಸಕ್ಕೆ ಬರುತ್ತವೆ. ಯಾರು ಯಾರಿಗೆ ಬರೆದಿದ್ದರು ಎಂಬುದನ್ನು ನೆನಪಿಟ್ಟುಕೊಂಡು ರೈಟರು ಉತ್ತರವನ್ನು ಆಯಾ ಮನೆಗೆ ಮುಟ್ಟಿಸುತ್ತಾರೆ. ಯಾರೂ ಬರೆಯದೆ ಬಂದ ಉತ್ತರವನ್ನು ಬದಿಗಿಡುತ್ತಾರೆ. ರೌಟರ್‌ನ ಈ ರೈಟರಿಕೆಗೆ ನ್ಯಾಟ್ ಎಂದು ಹೆಸರು. ಹೊರಗಿನವರು ನೇರವಾಗಿ ನಿಮ್ಮ ಕಂಪ್ಯೂಟರಿನ ಬಾಗಿಲು ತಟ್ಟಲಾಗದಂತೆ ಅದು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಲೈನ್ ಮನೆಯವರು ತಮ್ಮತಮ್ಮಲ್ಲಿ ಮಾತಾಡುವುದಕ್ಕೆ ರೈಟರ ಅಪ್ಪಣೆ ಬೇಡವಲ್ಲ? ಒಂದೇ ವೈ-ಫೈಯಲ್ಲಿ ಇರುವವರ ನಡುವೆಯೂ ಹಾಗೆಯೇ. ಅತ್ತಿಗೆಯ ಟಿವಿಗೆ ಫುಟ್‌ಬಾಲ್ ಬಂದದ್ದು ಈ ದಾರಿಯಲ್ಲಿ.

ಇನ್ನು ಪೆಟ್ಟಿಗೆಯ ಒಳಗೆ ಹೋಗೋಣ. ಲ್ಯಾಪ್‌ಟಾಪ್ ಅನ್ನು ಲ್ಯಾನ್ ಎಂದು ಬರೆದ ಕಿಂಡಿಗೆ ತಂತಿಯಿಂದ ಜೋಡಿಸಿ. ವೈ-ಫೈಯಲ್ಲೇ ಕುಳಿತು ವೈ-ಫೈ ಬದಲಿಸುವುದು ಕುಳಿತ ಕೊಂಬೆಯನ್ನೇ ಕಡಿದ ಹಾಗೆ. ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಐಪಿಕಾನ್ಫಿಗ್ (ipconfig) ಎಂದು ಬರೆದು ಎಂಟರ್ ಒತ್ತಿ. ಡಿಫಾಲ್ಟ್ ಗೇಟ್‌ವೇ ಎಂಬುದರ ಎದುರಿಗಿರುವ ಅಂಕಿ, ಸಾಮಾನ್ಯವಾಗಿ 192.168.1.1, ಪೆಟ್ಟಿಗೆಯ ವಿಳಾಸ. ಅದನ್ನು ಬ್ರೌಸರಿನಲ್ಲಿ ಬರೆದರೆ ಲಾಗಿನ್ ಪುಟ ಬರುತ್ತದೆ. ಬಳಕೆದಾರರ ಹೆಸರೂ ಪಾಸ್‌ವರ್ಡೂ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತವೆ. ಇಲ್ಲದಿದ್ದರೆ ಸಂಪರ್ಕ ಕೊಟ್ಟವರನ್ನು ಕೇಳಿ.

ಒಳಗೆ ಹೋದೊಡನೆ ಏನನ್ನೂ ಬದಲಿಸಬೇಡಿ. ಒಂದೊಂದೇ ಪುಟ ತೆರೆದು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಪೆಟ್ಟಿಗೆಯ ಹಿಂಭಾಗದಲ್ಲಿ ಸೂಜಿ ತೂರುವಷ್ಟು ಸಣ್ಣದೊಂದು ರೀಸೆಟ್ ತೂತಿದೆ. ಅದರ ಸಹವಾಸಕ್ಕೆ ಹೋಗಲೇಬೇಡಿ. ಕಂಪನಿಯವರು ತುಂಬಿಸಿದ ಸಂಪರ್ಕದ ವಿವರಗಳೂ ಅಳಿಸಿಹೋಗಿ, ಅವರ ಹುಡುಗ ಬರುವ ತನಕ ಮನೆಯಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಜುಲೈ ತಿಂಗಳಲ್ಲಿ ಅವನು ಯಾವಾಗ ಬರುತ್ತಾನೆ ಎಂಬುದು ಮಳೆಗೆ ಬಿಟ್ಟ ವಿಚಾರ.

ಎರಡು ಪಾಸ್‌ವರ್ಡ್, ಎರಡೂ ಬೇರೆ

ವೈ-ಫೈ ಸೇರಲು ಒಂದು ಪಾಸ್‌ವರ್ಡ್, ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸಲು ಇನ್ನೊಂದು, ಅದೇ ಅಡ್ಮಿನ್ ಪಾಸ್‌ವರ್ಡ್. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆಯುವವರೇ ಹೆಚ್ಚು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಅದರ ಆಯುಧ ಇಷ್ಟೇ: ಕಾರ್ಖಾನೆಯಿಂದಲೇ ಬರುವ ಹೆಸರು-ಪಾಸ್‌ವರ್ಡ್‌ಗಳ ಅರವತ್ತಕ್ಕೂ ಹೆಚ್ಚು ಜೋಡಿಗಳ ಪಟ್ಟಿ. ಆದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಮೊದಲು ಬದಲಾಗಲಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ಕಾಗದದಲ್ಲಿ ಬರೆದಿಡುವುದನ್ನು ಕಂಡು ನಗುವವರಿದ್ದಾರೆ. ಮನೆಯ ಬೀರುವಿನವರೆಗೆ ಬರುವ ಕಳ್ಳ ರೌಟರ್ ಪಾಸ್‌ವರ್ಡ್ ಹುಡುಕಿಕೊಂಡು ಬಂದಿರುವುದಿಲ್ಲ.

ಇನ್ನು ವೈ-ಫೈ ಪಾಸ್‌ವರ್ಡ್. ಸಂಪರ್ಕ ಕೊಡಲು ಬಂದ ಹುಡುಗರು ಅವಸರದಲ್ಲಿ ಮನೆಯವರ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿ ಹೋಗುವುದು ನಾನು ಹೋದ ಮನೆಗಳಲ್ಲೆಲ್ಲ ಕಂಡದ್ದು. ಹಾಲಿನವನಿಗೂ ಗೊತ್ತಿರುವ ಸಂಖ್ಯೆ ಅದು! ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ನನ್ನ ಪದ್ಧತಿ: ಒನಕೆ, ಮಂಗಳವಾರ, ಗೊರಬು, ಹಲಸು, ನಡುವೆ ಒಂದು ಅಂಕಿ. ಅಜ್ಜಿಗೂ ನೆನಪಿರುತ್ತದೆ, ನಿಘಂಟು ಹಿಡಿದು ಊಹಿಸುವ ತಂತ್ರಾಂಶಕ್ಕೂ ಸುಲಭಕ್ಕೆ ದಕ್ಕುವುದಿಲ್ಲ. ಈಗ ಅಚ್ಚಾದ ಈ ಪದಗಳನ್ನೇ ಇಟ್ಟುಕೊಳ್ಳಬೇಡಿ ಎಂದು ಬೇರೆ ಹೇಳಬೇಕಿಲ್ಲ ತಾನೇ?

ಅದೇ ಪುಟದಲ್ಲಿ ಸೆಕ್ಯೂರಿಟಿ ಎಂಬಲ್ಲಿ 2018ರಲ್ಲಿ ಬಂದ ಡಬ್ಲ್ಯೂಪಿಎ3 ಎಂಬ ಬೀಗ ಇದ್ದರೆ ಅದನ್ನು ಆರಿಸಿ. ಹಳೆಯ ಫೋನುಗಳು ಸೇರಲಾಗದೆ ತಕರಾರು ಮಾಡಿದರೆ ಡಬ್ಲ್ಯೂಪಿಎ2 ಮತ್ತು 3ರ ಮಿಶ್ರ ವ್ಯವಸ್ಥೆ ಸಾಕು. ಡಬ್ಲ್ಯೂಇಪಿ ಎಂಬುದು ಕಂಡರೆ ಮುಟ್ಟಬೇಡಿ, ಅದರ ಬೀಗ 2001ರಲ್ಲೇ ಮುರಿದುಹೋಗಿದೆ. ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಸೇರಿಸುವ ಡಬ್ಲ್ಯೂಪಿಎಸ್ ಅನ್ನು ನಿಲ್ಲಿಸಿಬಿಡಿ. ಎಂಟಂಕಿ ಎಂದರೆ ದೊಡ್ಡ ಬೀಗದಂತೆ ಕಾಣುತ್ತದೆ. ಆದರೆ ಪೆಟ್ಟಿಗೆ ಆ ಪಿನ್ನನ್ನು ಎರಡು ತುಂಡು ಮಾಡಿ ಪರಿಶೀಲಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ತೆರೆದುಕೊಳ್ಳುತ್ತದೆ ಎಂಬುದು 2011ರಲ್ಲಿ ಬಯಲಾಯಿತು.

ವೈ-ಫೈ ಹೆಸರನ್ನು ಮರೆಮಾಡುವುದು, ಫೋನುಗಳ ವೈ-ಫೈ ಗುರುತಾದ ಮ್ಯಾಕ್ ವಿಳಾಸ ಬರೆದು ಅವಕ್ಕೆ ಮಾತ್ರ ಪ್ರವೇಶ ಕೊಡುವುದು ಇವೆರಡಕ್ಕೂ ನಾನು ಸಮಯ ಕೊಡುವುದಿಲ್ಲ. ಗಾಳಿಯಲ್ಲಿ ಹರಿಯುವ ಸಂಕೇತದಲ್ಲೇ ಎರಡೂ ಸಿಗುತ್ತವೆ. ಈಗಿನ ಫೋನುಗಳಂತೂ ಒಂದೊಂದು ವೈ-ಫೈಗೆ ಒಂದೊಂದು ಮ್ಯಾಕ್ ವಿಳಾಸ ತೋರಿಸುತ್ತವೆ.

ಬೀಗವೇ ಇಲ್ಲದ ವೈ-ಫೈ ಬಿಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ 2008ರ ಜುಲೈ ತಿಂಗಳನ್ನು ನೆನಪಿಸುತ್ತೇನೆ. ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಹೊರಟ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಮನೆಯನ್ನು. ಅಲ್ಲಿನ ತೆರೆದ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು.

ಹೊರಗಿನ ಪೆಟ್ಟಿಗೆ ಅತಿಥಿಗೆ, ಒಳಗಿನದು ಮನೆಗೆ

ನಿಮ್ಮ ಪೆಟ್ಟಿಗೆಯಲ್ಲೇ ಗೆಸ್ಟ್ ನೆಟ್‌ವರ್ಕ್ ಎಂಬ ಸೌಲಭ್ಯ ಇರಬಹುದು. ಇದ್ದರೆ ಅದಕ್ಕೊಂದು ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟು ಪರೀಕ್ಷಿಸಿ ನೋಡಿ. ಫೋನನ್ನು ಗೆಸ್ಟ್ ವೈ-ಫೈಗೆ ಸೇರಿಸಿ, ಬ್ರೌಸರಿನಲ್ಲಿ 192.168.1.1 ಬರೆಯಿರಿ, ಪ್ರಿಂಟರ್‌ಗೂ ಟಿವಿಗೂ ಏನಾದರೂ ಕಳುಹಿಸಲು ಪ್ರಯತ್ನಿಸಿ. ಯಾವುದೂ ಆಗದಿದ್ದರೆ ಗೋಡೆ ನಿಜವಾಗಿಯೂ ಇದೆ. ಲಾಗಿನ್ ಪುಟ ಬಂದರೆ, ಟಿವಿ ಕಂಡರೆ, ಹೆಸರು ಮಾತ್ರ ಬೇರೆ, ಒಳಗೆ ಎಲ್ಲ ಒಂದೇ. ಅಣ್ಣನ ಮನೆಯ ಪೆಟ್ಟಿಗೆ ಈ ಎರಡನೆಯ ಜಾತಿಯದಾಗಿತ್ತು.

ಆಗ ಬೇಕಾಗುವುದು ಎರಡನೆಯ ರೌಟರ್. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಸ ರೌಟರನ್ನು ಅತಿಥಿಗಳ ಕೋಣೆಗೆ ಕೊಟ್ಟು, ಕಂಪನಿಯ ಪೆಟ್ಟಿಗೆಯನ್ನು ತಾವು ಇಟ್ಟುಕೊಳ್ಳುತ್ತಾರೆ. ಅದು ತಿರುಗುಮುರುಗು. ರೌಟರ್ ತನ್ನ ಹಿಂದೆ ಇರುವವರನ್ನು ಮುಂದಿರುವವರಿಂದ ಕಾಯುತ್ತದೆ. ಹಿಂದಿನವರು ಮುಂದಕ್ಕೆ ಹೋಗುವುದನ್ನು ತಡೆಯುವುದಿಲ್ಲ. ಅತಿಥಿಯನ್ನು ಒಳಗಿನ ರೌಟರಿಗೆ ಸೇರಿಸಿದರೆ ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ನೀವು ಜಗುಲಿಯಲ್ಲಿ ಮಲಗಿದಂತೆ. ನಿಮ್ಮನ್ನು ದಾಟಿಕೊಂಡೇ ಅವನು ಹೊರಗೆ ಹೋಗಿ ಬರುತ್ತಾನೆ. ಕಂಪನಿಯ ಪೆಟ್ಟಿಗೆಯ ವೈ-ಫೈ ಅತಿಥಿಗಳಿಗಿರಲಿ, ಹೊಸ ರೌಟರ್ ಮನೆಯವರಿಗಿರಲಿ. ಕ್ರಮ ಹೀಗೆ:

1. ಕಂಪನಿಯ ಪೆಟ್ಟಿಗೆಯ ಒಂದು ಲ್ಯಾನ್ ಕಿಂಡಿಯಿಂದ ಹೊಸ ರೌಟರಿನ ವ್ಯಾನ್ ಕಿಂಡಿಗೆ ತಂತಿ ಹಾಕಿ. ವ್ಯಾನ್ ಕಿಂಡಿ ಬಹುತೇಕ ಬೇರೆ ಬಣ್ಣದಲ್ಲಿರುತ್ತದೆ, ಕೆಲವದರ ಮೇಲೆ ಇಂಟರ್‌ನೆಟ್ ಎಂದೇ ಬರೆದಿರುತ್ತದೆ.

2. ಹೊಸ ರೌಟರಿನ ಪುಟದಲ್ಲಿ ಸಂಪರ್ಕದ ಬಗೆ ಕೇಳಿದಾಗ ಡೈನಾಮಿಕ್ ಐಪಿ ಆರಿಸಿ. ಕಂಪನಿ ಕೊಟ್ಟ ಹೆಸರು-ಪಾಸ್‌ವರ್ಡ್ ಬಳಸಿ ಸೇರುವ ಪಿಪಿಪಿಒಇ ಬೇಡ, ಆ ಕೆಲಸವನ್ನು ಹೊರಗಿನ ಪೆಟ್ಟಿಗೆ ಆಗಲೇ ಮಾಡುತ್ತಿದೆ.

3. ಹೊಸ ರೌಟರಿನ ಒಳವಿಳಾಸವನ್ನು 192.168.50.1 ಮಾಡಿ. ಹೊರಗೂ ಒಳಗೂ 192.168.1 ಎಂದೇ ಇದ್ದರೆ ಒಂದೇ ಹೆಸರಿನ ಎರಡು ಬೀದಿಗಳಲ್ಲಿ ಅಂಚೆಯವನು ಅಲೆದಂತಾಗುತ್ತದೆ.

4. ಮನೆಯವರ ವೈ-ಫೈಗೆ ಹೊಸ ಹೆಸರು, ಉದ್ದದ ಪಾಸ್‌ವರ್ಡ್ ಕೊಟ್ಟು, ಕಾಗದದ ಪಟ್ಟಿ ನೋಡಿ ಮನೆಯ ಕಂಪ್ಯೂಟರ್, ಫೋನ್, ಟಿವಿ, ಪ್ರಿಂಟರ್‌ಗಳನ್ನು ಇಲ್ಲಿಗೆ ತನ್ನಿ. ಇವುಗಳಲ್ಲಿ ಹಳೆಯ ವೈ-ಫೈಯನ್ನು ಮರೆತುಬಿಡು ಎಂದು ಹೇಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅವು ತವರುಮನೆಗೆ ಓಡುತ್ತಲೇ ಇರುತ್ತವೆ.

5. ಹೊರಗಿನ ಪೆಟ್ಟಿಗೆಯ ವೈ-ಫೈ ಪಾಸ್‌ವರ್ಡನ್ನೂ ಬದಲಿಸಿ. ಇನ್ನು ಮುಂದೆ ಅತಿಥಿಗೆ, ಬಾಡಿಗೆಯವರಿಗೆ ಕೊಡುವುದು ಅದೊಂದನ್ನೇ.

ಕ್ಯಾಮೆರಾಗಳನ್ನು ಅತಿಥಿಗಳ ನಡುವೆಯೂ ಬಿಡುವಂತಿಲ್ಲ, ಲೆಕ್ಕಪತ್ರದ ಕಂಪ್ಯೂಟರಿನ ಪಕ್ಕದಲ್ಲೂ ಕೂರಿಸುವಂತಿಲ್ಲ. ಹೊಸ ರೌಟರಿನ ಗೆಸ್ಟ್ ನೆಟ್‌ವರ್ಕ್ ಅವುಗಳಿಗೆ ಒಳ್ಳೆಯ ಜಾಗ. ಅಣ್ಣನ ಕಣದ ಕ್ಯಾಮೆರಾ ಈಗ ಅಲ್ಲಿದೆ. ಆ್ಯಪ್ ಮೂಲಕ ನೋಡುವ ಕ್ಯಾಮೆರಾ ಹೊರಗಿನ ಸರ್ವರ್ ಜೊತೆ ತಾನಾಗಿ ಮಾತಾಡುವುದರಿಂದ ಈ ಏರ್ಪಾಟಿನಲ್ಲಿ ಅದಕ್ಕೆ ಏನೂ ತೊಂದರೆಯಿಲ್ಲ.

ಒಂದರ ಹಿಂದೆ ಒಂದು ರೌಟರ್ ಇಡುವುದನ್ನು ಡಬಲ್ ನ್ಯಾಟ್ ಎಂದು ಬಯ್ಯುವ ತಜ್ಞರಿದ್ದಾರೆ. ಕೆಲವು ಆನ್‌ಲೈನ್ ಆಟಗಳಿಗೆ, ಮನೆಯಲ್ಲೇ ಸರ್ವರ್ ನಡೆಸುವವರಿಗೆ ಅದು ತೊಡಕು, ನಿಜ. ಬ್ಯಾಂಕು, ವಿಡಿಯೊ ಕರೆ, ಪಾಠ, ಸಿನಿಮಾಗಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಬಾಡಿಗೆಯವರ ವಿಚಾರದಲ್ಲಿ ಒಂದು ಮಾತು. ಸಂಪರ್ಕವನ್ನು ಮರುಮಾರಾಟ ಮಾಡಬಾರದೆಂದು ಕಂಪನಿಗಳ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಅದರ ಮೂಲಕ ನಡೆದದ್ದಕ್ಕೆ ಮೊದಲ ಪ್ರಶ್ನೆ ಬರುವುದೂ ನಿಮಗೇ. ಮಹಡಿಯ ಹುಡುಗರು ಕಾಯಂ ಇರುವವರಾದರೆ ಅವರದೇ ಸಂಪರ್ಕ ತೆಗೆದುಕೊಳ್ಳಲಿ ಎನ್ನುವುದು ಉತ್ತಮ. ನಾನು ಹೇಳಿದೆ, ಅವರು ಕೇಳಲಿಲ್ಲ.

ದಪ್ಪ ಗೋಡೆ, ದೂರದ ಕೋಣೆ

ಹಳೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪವಿರುತ್ತದೆ. 5 ಗಿಗಾಹರ್ಟ್ಸ್ ವೈ-ಫೈಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. ಪೇಟೆಯಲ್ಲಾದರೆ ಅಕ್ಕಪಕ್ಕದ ಮನೆಗಳ ಗದ್ದಲ ಬೇರೆ. ಅಲ್ಲಿ 2.4 ಗಿಗಾಹರ್ಟ್ಸ್‌ಗೆ ಚಾನೆಲ್ 1, 6, 11 ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿಕೊಳ್ಳಿ.

ಗೋಡೆಗೆ ಸಿಕ್ಕಿಸುವ ರಿಪೀಟರ್ ಕೊಳ್ಳುವ ಮೊದಲು ತಂತಿ ಎಳೆಯಲು ಸಾಧ್ಯವೇ ನೋಡಿ. ಅಗ್ಗದ ರಿಪೀಟರ್ ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ತಂತಿ ಒಂದೇ ಎಳೆತದಲ್ಲಿ 100 ಮೀಟರ್‌ವರೆಗೆ ಸಾಗುತ್ತದೆ. ಮೇಜಿನ ಕಂಪ್ಯೂಟರ್‌ಗಳು ಮೂರು ನಾಲ್ಕು ಇದ್ದರೆ ಒಂದು ತಂತಿಯನ್ನು ಹಲವು ಕಿಂಡಿಗಳಿಗೆ ಹಂಚುವ ಸಾಧಾರಣ ನೆಟ್‌ವರ್ಕ್ ಸ್ವಿಚ್ ಸಾಕು. ಕ್ಯಾಟ್ 6 ತಂತಿ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ವಾಪಸ್ ಕೊಡಿ. ಸುರಿಮಳೆಗೆ ಒಡ್ಡುವ ತಂತಿ ಹೊರಾಂಗಣದ್ದೇ ಆಗಿರಲಿ. ಗೋಡೆಯ ತೂತಿಗೆ ಹೊಗುವ ಮುನ್ನ ಅದು ಕೆಳಗೆ ಜೋತು ಮೇಲೇರುವಂತೆ ಬಿಡಿ, ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ. ಅಟ್ಟದ ಮೇಲೆ ಹಾಯಿಸುವುದಾದರೆ ಪೈಪಿನೊಳಗೆ ಹಾಕಿ, ಇಲಿಗಳಿಗೆ ಬೇರೆ ಆಹಾರ ಇದೆ.

ದೂರದ ಕೋಣೆಯ ತುದಿಯಲ್ಲಿ ಹಳೆಯ ರೌಟರ್ ಇದ್ದರೆ ಅದನ್ನು ವೈ-ಫೈ ಹರಡುವುದಷ್ಟನ್ನೇ ಮಾಡುವ ಆಕ್ಸೆಸ್ ಪಾಯಿಂಟ್ ಮಾಡಿಕೊಳ್ಳಬಹುದು. ಈ ಸಲ ತಂತಿ ಲ್ಯಾನ್‌ನಿಂದ ಲ್ಯಾನ್‌ಗೆ. ಅದಕ್ಕೆ 192.168.50.2 ವಿಳಾಸ ಕೊಟ್ಟು, ಒಳವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ಕಡ್ಡಾಯವಾಗಿ ನಿಲ್ಲಿಸಿ. ನಾನೊಮ್ಮೆ ಇದನ್ನು ಮರೆತೆ. ವಿಳಾಸ ಹಂಚುವವರು ಇಬ್ಬರಾದರು, ಅರ್ಧ ಮನೆಗೆ ಇಂಟರ್‌ನೆಟ್, ಇನ್ನರ್ಧಕ್ಕೆ ಇಲ್ಲ. ಇಡೀ ದಿನ ಕಂಪನಿಯನ್ನು ಬೈದು, ರಾತ್ರಿ ಊಟದ ಹೊತ್ತಿಗೆ ತಪ್ಪು ನನ್ನದೆಂದು ಹೊಳೆಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎರಡು ಕಟ್ಟಡಗಳ ನಡುವೆ ಮಾತ್ರ ತಾಮ್ರದ ತಂತಿ ಎಳೆಯಬೇಡಿ. ಮಾರ್ಚ್, ಏಪ್ರಿಲ್‌ನ ಹೂಮಳೆ ಗುಡುಗು ಸಿಡಿಲಿನೊಂದಿಗೇ ಬರುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ತಂತಿ ಎರಡೂ ಕಡೆಯ ಯಂತ್ರಗಳನ್ನು ಸುಡಬಹುದು. ಲೋಹವಿಲ್ಲದ ಫೈಬರ್ ತಂತಿ, ಎರಡು ತುದಿಗೆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಅದಲುಬದಲು ಮಾಡುವ ಎರಡು ಮೀಡಿಯಾ ಕನ್ವರ್ಟರ್ ಹಾಕಿದರೆ ಆ ಭಯವಿಲ್ಲ. ಕಂಬದಿಂದ ಬರುವ ಫೈಬರಿನಲ್ಲಿ ಬಲಕ್ಕೆಂದು ಉಕ್ಕಿನ ಎಳೆ ಇರುವುದುಂಟು. ಕರೆಂಟಿನ ತಂತಿಯಂತೂ ಇದ್ದೇ ಇದೆ. ಆದ್ದರಿಂದ ಮೋಡ ಗುಡುಗುವ ಮೊದಲೇ ಅಡಾಪ್ಟರ್ ಕಿತ್ತಿಡುವ ಅಭ್ಯಾಸ ಒಳ್ಳೆಯದು. ಕರೆಂಟ್ ಹೋದಾಗಲೂ ಕೆಲಸ ನಡೆಯಬೇಕಾದವರಿಗೆ ರೌಟರಿನ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ನೋಡಿ ಹೊಂದುವುದನ್ನೇ ತನ್ನಿ. ಪೆಟ್ಟಿಗೆ ಎರಡಿದ್ದರೆ ಎರಡಕ್ಕೂ ಬೇಕು.

ಕಂಪ್ಯೂಟರ್‌ಗಳ ಒಳಗೆ

ವಿಂಡೋಸ್‌ನಲ್ಲಿ ಮನೆಯ ವೈ-ಫೈಗೆ ಪ್ರೈವೇಟ್ ಎಂದೂ, ಬಸ್ ನಿಲ್ದಾಣ, ಹೋಟೆಲುಗಳದಕ್ಕೆ ಪಬ್ಲಿಕ್ ಎಂದೂ ಗುರುತು ಹಾಕಿ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಡತ ಹಂಚಬೇಕಾದರೆ ಅದಕ್ಕೆಂದೇ ಒಂದು ಫೋಲ್ಡರ್ ಮಾಡಿ, ಪಾಸ್‌ವರ್ಡ್ ಕೇಳುವಂತೆ ಇಡಿ. ಇಡೀ ಡಿಸ್ಕ್ ಹಂಚಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ಹಬ್ಬಿದ್ದು ವಿಂಡೋಸ್‌ನ ಕಡತ ಹಂಚುವ ಹಳೆಯ ವ್ಯವಸ್ಥೆಯಲ್ಲಿದ್ದ ದೋಷದಿಂದ, ಅದೂ ಅಪ್‌ಡೇಟ್ ಮಾಡದೆ ಬಿಟ್ಟ ಯಂತ್ರಗಳಲ್ಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವ ಹಳೆಯ ಕಂಪ್ಯೂಟರನ್ನು ಬ್ಯಾಂಕಿನ ಕೆಲಸಕ್ಕೆ ಬಳಸಬೇಡಿ.

ಮತ್ತೆ ಪೆಟ್ಟಿಗೆಗಳಿಗೆ ಬಂದು ಉಳಿದ ಕಿಟಕಿಗಳನ್ನು ಮುಚ್ಚಿ. ಹೊರಗಿನಿಂದ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಇದ್ದರೆ ನಿಲ್ಲಿಸಿ. ಒಳಗಿನ ಯಂತ್ರಗಳು ಕೇಳಿದೊಡನೆ ಹೊರಬಾಗಿಲು ತೆರೆದುಕೊಡುವ ಯುಪಿಎನ್‌ಪಿ ಬೇಡ. ಕರೆಯದೆ ಒಳಬರುವುದನ್ನು ತಡೆಯುವ ಫೈರ್‌ವಾಲ್ ಎರಡರಲ್ಲೂ ಆನ್ ಇರಲಿ. ಹೊಸ ಬಗೆಯ ವಿಳಾಸವಾದ ಐಪಿವಿ6 ಬಳಸುವ ಸಂಪರ್ಕದಲ್ಲಿ ನ್ಯಾಟ್‌ನ ರೈಟರು ಇರುವುದಿಲ್ಲ, ಕಾಯುವುದು ಫೈರ್‌ವಾಲ್ ಒಂದೇ. ಮಕ್ಕಳಿರುವ ಮನೆಯಾದರೆ ಒಳಗಿನ ರೌಟರಿನಲ್ಲಿ, ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಜಾಗದಲ್ಲಿ 1.1.1.3 ಹಾಕಬಹುದು, ಅಶ್ಲೀಲ ಮತ್ತು ಅಪಾಯಕಾರಿ ತಾಣಗಳಲ್ಲಿ ಹೆಚ್ಚಿನವು ತೆರೆಯುವುದಿಲ್ಲ. ಹುಡುಗರು ಅದನ್ನು ದಾಟುವ ದಾರಿ ಕಲಿಯುವವರೆಗೆ ಪರವಾಗಿಲ್ಲ. ರೌಟರಿನ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಿದೆಯೇ ಎಂದು ಮೂರು ತಿಂಗಳಿಗೊಮ್ಮೆ, ಕರೆಂಟ್ ಗಟ್ಟಿಯಾಗಿರುವ ದಿನ ನೋಡಿ. ನಡುವೆ ಕರೆಂಟ್ ಹೋದರೆ ರೌಟರ್ ಕೆಟ್ಟೇಹೋಗಬಹುದು.

ನಿಂತುಹೋದಾಗ

ಮೊದಲು ಕಂಪನಿಯ ಪೆಟ್ಟಿಗೆಯ ದೀಪ ನೋಡಿ. ಆಮೇಲೆ ಹೊರಗಿನ ವೈ-ಫೈ ಸೇರಿ ಇಂಟರ್‌ನೆಟ್ ಇದೆಯೇ ನೋಡಿ. ಅಲ್ಲಿ ಇದ್ದು ಒಳಗೆ ಇಲ್ಲದಿದ್ದರೆ ಎರಡು ಪೆಟ್ಟಿಗೆಗಳ ನಡುವಿನ ತಂತಿ ಅಥವಾ ಹೊಸ ರೌಟರ್ ಕಾರಣ. ರೌಟರನ್ನು ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಎಲ್ಲ ಇದ್ದೂ ಒಂದು ಕಂಪ್ಯೂಟರ್ ಮಾತ್ರ ನಿಧಾನವಾದರೆ ಅದರ ತಂತಿಯ ತುದಿ ಪರೀಕ್ಷಿಸಿ. ಎಂಟು ಎಳೆಗಳಲ್ಲಿ ಒಂದು ಬಿಟ್ಟುಹೋದರೂ 1,000 ಮೆಗಾಬಿಟ್‌ನಲ್ಲಿ ನಡೆಯಬೇಕಾದದ್ದು 100ಕ್ಕೆ ಇಳಿಯಬಹುದು. ಕಂಪನಿಯ ಪೆಟ್ಟಿಗೆಯಲ್ಲಿ ಬೆಳಕು ಬರುತ್ತಿಲ್ಲವೆಂದು ಸೂಚಿಸುವ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಮಾತ್ರ ಒಳಗಿನ ಏನನ್ನೂ ಮುಟ್ಟಬೇಡಿ. ಎಲ್ಲೋ ತೋಟದ ಬದಿಯಲ್ಲಿ ಸಿಲ್ವರ್ ಮರದ ಕೊಂಬೆ ಫೈಬರಿನ ಮೇಲೆ ಬಿದ್ದಿರುತ್ತದೆ. ಕಂಪನಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಅತಿಥಿಗಳಿಗೆ ಇನ್ನೊಂದು ಲೋಟ ಕಾಫಿ ಕೊಡಿ.